18 ತುಂಬಿದ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಕೊಡಗಿನ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕೊಡಗು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಮತ್ತು ಸಿಬ್ಬಂದಿಗೆ, ಹಾಗೆಯೇ ನಮ್ಮ ಜಿಲ್ಲೆಯ ಎಲ್ಲ ಪಿಯು ಕಾಲೇಜುಗಳ ಪ್ರಾಂಶುಪಾಲರಿಗೆ,

ನಮಸ್ಕಾರ.

ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ನಮ್ಮಲ್ಲಿ ಕಾರ್ಯಾಗಾರ ನಡೆದಾಗಲೆಲ್ಲ ಮಾತು ಒಂದೇ ಕಡೆ ಹೋಗುತ್ತದೆ. ಕಷ್ಟದಲ್ಲಿರುವ ಮಗುವನ್ನು ಗುರುತಿಸುವುದು ಹೇಗೆ? ಮನೆಯವರನ್ನು ಒಪ್ಪಿಸಿ ಆಸ್ಪತ್ರೆಗೆ ಕರೆತರುವುದು ಹೇಗೆ? ಕೇಳಲೇಬೇಕಾದ ಪ್ರಶ್ನೆಗಳು. ನಾನೂ ಅಂಥ ಕಾರ್ಯಾಗಾರಗಳಲ್ಲಿ ಕೂತು ಕಲಿತಿದ್ದೇನೆ. ಆದರೆ ಹಾಗೆ ಕಷ್ಟಪಟ್ಟು ಕರೆತಂದ ಮಗುವನ್ನು ಚಿಕಿತ್ಸೆಯಿಂದ ಹೊರಗೆ ಕಳಿಸುವುದು ಹೇಗೆ, ಯಾವಾಗ, ಯಾರ ಕೈಗೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಈ ಪತ್ರ ಅದರ ಬಗ್ಗೆ.

ನಾನು ಸೋಮವಾರಪೇಟೆ ತಾಲ್ಲೂಕಿನವಳು. ಮೊದಲು ಪ್ರೌಢಶಾಲೆಯಲ್ಲಿ, ಆಮೇಲೆ ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ವೈದ್ಯಕೀಯ ಓದಿದವಳಲ್ಲ. ಆದರೆ 16, 17ರ ಮಕ್ಕಳ ಮಧ್ಯೆಯೇ ನನ್ನ ಕೆಲಸದ ದಿನಗಳೆಲ್ಲ ಕಳೆದಿವೆ. ಮಾತ್ರೆ ತಗೊಂಡು ತರಗತಿಗೆ ಬರುತ್ತಿದ್ದವರು ಗೊತ್ತು. ಆಪ್ತಸಮಾಲೋಚಕರ ಜೊತೆ ಮಾತಾಡಿ ಬಂದು ಮೊದಲ ಸಲ ನಕ್ಕವರು ಗೊತ್ತು. ಅವರಲ್ಲಿ ಎಷ್ಟೋ ಮಂದಿಯ ಚಿಕಿತ್ಸೆ ಒಂದು ದಿನ ಹೇಗೆ ನಿಂತುಹೋಯಿತು ಎನ್ನುವುದೂ ಗೊತ್ತು.

ಹೊರರೋಗಿಯಾಗಿ ಬರುವ ಹುಡುಗ ಹುಡುಗಿಯರಿಗೆ ಡಿಸ್ಚಾರ್ಜ್ ಎಂದು ಯಾರೂ ಬರೆದುಕೊಡುವುದಿಲ್ಲ. ಸುಮ್ನೆ ನಿಂತುಹೋಗುತ್ತದೆ. ಕೆಲವರಿಗೆ 18 ತುಂಬುತ್ತದೆ. "ಇನ್ನು ಇಲ್ಲಿ ಬೇಡ, ದೊಡ್ಡವರ ಓಪಿಡಿಗೆ ಹೋಗಿ" ಎನ್ನುತ್ತಾರೆ. ಆ ಓಪಿಡಿಯಲ್ಲಿ ಯಾರನ್ನು ನೋಡಬೇಕು, ಹಳೆಯ ಫೈಲು ಅಲ್ಲಿಗೆ ಹೋಗುತ್ತದಾ, ಅಲ್ಲಿಯೂ ಸಮಾಲೋಚನೆ ಇರುತ್ತದಾ? ಹೇಳುವವರಿಲ್ಲ. ಇನ್ನು ಕೆಲವರಿಗೆ "ಈಗ ಚೆನ್ನಾಗಿದ್ದೀಯಲ್ಲ, ಬೇಕಾದ್ರೆ ಬಾ" ಎನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ 17ರ ಹುಡುಗನಿಗೆ ಬೇಕಾದದ್ದು ಯಾವಾಗ ಎಂದು ತಿಳಿಯುವುದು ಹೇಗೆ? ನಿದ್ದೆ ಎಷ್ಟು ದಿನ ಕೆಟ್ಟರೆ ಹೋಗಬೇಕು? ಯಾವ ಯೋಚನೆ ಬಂದರೆ ಹೋಗಬೇಕು? ಅದನ್ನೂ ಕೂತು ಹೇಳಿಕೊಡಬೇಕಲ್ವಾ?

ಉಳಿದವರು ಬರುವುದನ್ನೇ ಬಿಡುತ್ತಾರೆ. ನಾನು ಕಂಡ ಹಾಗೆ ಇವರೇ ಜಾಸ್ತಿ. ಎರಡು ಸಲ ಬರಲಿಲ್ಲ, ಮೂರು ಸಲ ಬರಲಿಲ್ಲ, ಆಮೇಲೆ ಅವರ ಚೀಟಿ ಯಾರೂ ತೆಗೆಯದ ಕಟ್ಟಿನೊಳಗೆ ಸೇರುತ್ತದೆ. ಬರದಿದ್ದವರು ಗುಣವಾಗಿದ್ದಾರೆ ಎಂದುಕೊಳ್ಳುವುದು ಸುಲಭ. ಕೊಡಗಿನಲ್ಲಿ ಒಬ್ಬ ಹುಡುಗ ಆಸ್ಪತ್ರೆಗೆ ಬರದಿರಲು ಎಷ್ಟು ಕಾರಣಗಳಿವೆ ಎಂದು ನಿಮಗೂ ಗೊತ್ತು. ಮಾಲ್ದಾರೆ, ಚೆನ್ನಂಗಿ ಕಡೆಯವರು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಬೇಕೆಂದರೆ ದಾರಿಯಲ್ಲಿ ಆನೆ ಇದೆಯಾ ಎಂದು ಮೊದಲು ಕೇಳಿಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಕಾಫಿ ಕೊಯ್ಲು. ತೋಟದ ಕೂಲಿಯವರ ಲೈನ್ ಮನೆಯ ತಾಯಿ ಮಗನ ಜೊತೆ ಮಡಿಕೇರಿಗೆ ಹೊರಟರೆ ಅವತ್ತಿನ ಕೂಲಿ ಹೋಯಿತು. ಕೊಯ್ಲು ಮುಗಿದ ಮೇಲೆ ಆ ಕುಟುಂಬ ಇನ್ನೊಂದು ತೋಟದಲ್ಲಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಗುಡ್ಡದ ಬರೆ ಕುಸಿದರೆ ರಸ್ತೆ ಇಲ್ಲ. ಕರೆಂಟು ಹೋದರೆ ಮೊಬೈಲಿಗೆ ಚಾರ್ಜ್ ಇಲ್ಲ, ಟವರ್ ಇಲ್ಲ. ಆಸ್ಪತ್ರೆಯವರು ಫೋನ್ ಮಾಡಿದರೂ ಸಿಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಬೆಂಗಳೂರಿನ ಒಂದು ಮೂಲೆಗೂ ಸಾಲದು. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮಾನಸಿಕ ವಿಭಾಗದ ಬಾಗಿಲಲ್ಲಿ ಕೂತರೆ ಯಾರಾದರೂ ಪರಿಚಯದವರು ಎದುರಾಗೇ ಆಗುತ್ತಾರೆ. "ಯಾರ ಮಗಳಿವಳು? ಇಲ್ಲಿ ಯಾಕೆ ಕೂತಿದ್ದಾಳೆ?" 14 ವರ್ಷದ ಮಗುವಾಗಿದ್ದಾಗ ಅಮ್ಮನ ಪಕ್ಕ ಕೂತು ತಡೆದುಕೊಂಡಿದ್ದಳು. 18ಕ್ಕೆ ಮದುವೆ ಮಾತು, ಕೆಲಸದ ಮಾತು ಶುರುವಾದ ಮೇಲೆ ಒಬ್ಬಳೇ ಹೋಗಿ ಅದೇ ಬೆಂಚಿನ ಮೇಲೆ ಕೂರುವುದು ಬೇರೆಯೇ ಕಷ್ಟ.

18 ಎನ್ನುವ ಗೆರೆ ಮತ ಹಾಕಲು, ಸಹಿ ಹಾಕಲು ಸರಿ. ಮನಸ್ಸಿನ ಕಾಯಿಲೆಗಳು ಆ ಗೆರೆ ನೋಡಿ ಬರುವುದಿಲ್ಲ. ಜೀವನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 14ರ ಒಳಗೆ, ಮುಕ್ಕಾಲು ಪಾಲು 24ರ ಒಳಗೆ ಶುರುವಾಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆ ಹೇಳಿತು. ಅಂದರೆ 18 ಬೀಳುವುದು ಸರಿಯಾಗಿ ಆ ಕಷ್ಟದ ವರ್ಷಗಳ ನಡುವೆ. ನಮ್ಮ ದೇಶದಲ್ಲಿ ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 60 ಮಕ್ಕಳ ಒಂದು ಪಿಯು ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಈ ಲೆಕ್ಕದಲ್ಲಿ ನಾಲ್ಕು ಮಂದಿ ಅಲ್ಲಿ ಕೂತಿದ್ದಾರೆ. ಇವರಲ್ಲಿ ಆಸ್ಪತ್ರೆವರೆಗೆ ಬಂದು ಮುಟ್ಟುವವರೇ ಕಡಿಮೆ. ಹಾಗೆ ಬಂದವರನ್ನೂ ಗೆರೆ ದಾಟಿದ ದಿನ ಕೈಬಿಟ್ಟರೆ ಕರೆತಂದ ಶ್ರಮವೆಲ್ಲ ಏನಾಯಿತು?

ನನ್ನ ತಂಗಿಯ ಮಗಳ ವಿಷಯ ಹೇಳುತ್ತೇನೆ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಬರೆದದ್ದನ್ನು ಅವಳು ಓದಿದ್ದಾಳೆ. ಎಸ್ಸೆಸ್ಸೆಲ್ಸಿ ವರ್ಷ ಅವಳಿಗೆ ಖಿನ್ನತೆ ಶುರುವಾಯಿತು. ಊಟ ಬಿಟ್ಟಳು, ಹಾಕಿ ಸ್ಟಿಕ್ ಮೂಲೆಗೆ ಸೇರಿತು, ಪುಸ್ತಕ ತೆರೆದರೆ ಅಳು. ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಒಳ್ಳೆಯ ವೈದ್ಯರು, ಇನ್ನೂ ಒಳ್ಳೆಯ ಆಪ್ತಸಮಾಲೋಚಕಿ. ಎಸ್ಸಿಟಲೋಪ್ರಾಮ್ ಮಾತ್ರೆ, ಜೊತೆಗೆ ಮಾತು. ನಿಧಾನಕ್ಕೆ ಸುಧಾರಿಸಿದಳು. ಪಿಯು ಮುಗಿಸಿದಳು. ಅಷ್ಟರಲ್ಲಿ 18 ಆಯಿತು. ಕೊನೆಯ ಭೇಟಿಯಲ್ಲಿ ಮುಂದಿನ ತಿಂಗಳಿಂದ ದೊಡ್ಡವರ ವಿಭಾಗ ಎಂದರು. ಪತ್ರ ಇಲ್ಲ, ಹೊಸ ವೈದ್ಯರ ಹೆಸರಿಲ್ಲ. ಆ ಆಪ್ತಸಮಾಲೋಚಕಿಗೆ ಒಂದು ನಮಸ್ಕಾರ ಹೇಳಿ ಬರಲೂ ಅವಕಾಶ ಸಿಗಲಿಲ್ಲ.

ಅವಳು ಹೊಸ ವಿಭಾಗಕ್ಕೆ ಹೋಗಿದ್ದಳು. ಬಾಗಿಲಲ್ಲಿ ಉದ್ದದ ಸಾಲು. ಒಳಗೆ ಹೋದಾಗ ಹೊಸ ವೈದ್ಯರು "ಏನು ತೊಂದರೆ? ಯಾವಾಗಿಂದ?" ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ, ಅವರ ಮುಂದೆ ಕಾಗದವೇ ಇರಲಿಲ್ಲ. ಇವಳು ಏನೂ ಹೇಳದೆ ಎದ್ದು ಬಂದಳು. ಮನೆಗೆ ಬಂದು ನನ್ನ ಹತ್ತಿರ ಹೇಳಿದ್ದು ಇಷ್ಟೇ: "ದೊಡ್ಡಮ್ಮ, ಮತ್ತೆ ಮೊದಲಿಂದ ಹೇಳೋಕೆ ನನ್ನಿಂದ ಆಗಲ್ಲ." ಆಮೇಲೆ ಡಿಗ್ರಿಗೆಂದು ಮೈಸೂರಿಗೆ ಹೋದಳು. ಮಾತ್ರೆ ಮುಗಿದ ಮೇಲೆ ತಗೊಳ್ಳಲಿಲ್ಲ. ಇಂಥ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಿದರೆ ತಲೆ ಸುತ್ತು, ಸಿಡುಕು, ನಿದ್ದೆಗೇಡು ಬರಬಹುದು, ವೈದ್ಯರ ಮಾತಿನಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಕಾಯಿಲೆ ಜಾಸ್ತಿಯಾಗಿದೆ ಎಂದು ಹೆದರಿದಳು. ಸ್ವಲ್ಪ ದಿನದಲ್ಲಿ ಅದು ನಿಜವಾಗಿಯೂ ಜಾಸ್ತಿಯಾಯಿತು. ಹಾಸ್ಟೆಲಿನ ವಾರ್ಡನ್ ಗಮನಿಸಿ ನಮಗೆ ಫೋನ್ ಮಾಡಿದ್ದರಿಂದ ಉಳಿದಳು. ಈಗ ಮತ್ತೆ ಚಿಕಿತ್ಸೆಯಲ್ಲಿದ್ದಾಳೆ, ಓದುತ್ತಿದ್ದಾಳೆ. ಆದರೆ ಒಂದು ವರ್ಷ ಹೋಯಿತು. ಆ ವಾರ್ಡನ್ ಅಷ್ಟು ಗಮನ ಕೊಡದೆ ಇದ್ದಿದ್ದರೆ?

ಈ ಕಥೆ ಹೇಳಿದ್ದು ಯಾರನ್ನೂ ದೂರಲಿಕ್ಕಲ್ಲ. ಅಲ್ಲಿ ಇದ್ದವರೆಲ್ಲ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡಿದರು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಶುರುವಾಗುವ ಜಾಗ ಮಾತ್ರ ಖಾಲಿ ಇತ್ತು. ಹುಡುಗಿ ಬಿದ್ದದ್ದು ಅಲ್ಲಿ.

ಈ ಖಾಲಿ ಜಾಗ ಕೊಡಗಿನದು ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಮಾನಸಿಕ ಸೇವೆ, ದೊಡ್ಡವರ ಮಾನಸಿಕ ಸೇವೆ ಎಂದು ಬೇರೆ ಬೇರೆ ತಂಡಗಳೇ ಇವೆ. ಅಲ್ಲಿ ನಡೆದ ಟ್ರ್ಯಾಕ್ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಕ್ಕಳ ತಂಡದಿಂದ ದೊಡ್ಡವರ ತಂಡಕ್ಕೆ ದಾಟುವವರ ಬಗ್ಗೆ ಅವರು ನೋಡಿದ್ದು ನಾಲ್ಕು ವಿಷಯ: ಮಾಹಿತಿ ಸರಿಯಾಗಿ ದಾಟಿತೇ, ಸ್ವಲ್ಪ ಕಾಲ ಎರಡೂ ತಂಡ ಜೊತೆಗೆ ನೋಡಿಕೊಂಡವೇ, ಒಂದು ಸಭೆಯಾದರೂ ಆಯಿತೇ, ಆಮೇಲೆ ಚಿಕಿತ್ಸೆ ಮುಂದುವರಿಯಿತೇ. ಈ ನಾಲ್ಕೂ ಸರಿಯಾಗಿ ಆದವರು ಶೇ 5ಕ್ಕಿಂತ ಕಡಿಮೆ. ಅಷ್ಟು ಹಣ, ಅಷ್ಟು ಸಿಬ್ಬಂದಿ ಇರುವ ಕಡೆ! 2016ರಲ್ಲಿ, ಆರೋಗ್ಯ ಸೇವೆಗೆ ಮಾರ್ಗಸೂಚಿ ಬರೆಯುವ ಅಲ್ಲಿನ ನೈಸ್ ಸಂಸ್ಥೆ ಹೊಸದೊಂದನ್ನು ತಂದಿತು. ದಾಟುವ ತಯಾರಿ 13, 14ನೇ ವಯಸ್ಸಿಗೇ ಶುರುವಾಗಲಿ, ಪ್ರತಿ ಮಗುವಿಗೂ ಹೆಸರು ಗೊತ್ತಿರುವ ಒಬ್ಬ ಕಾರ್ಯಕರ್ತರಿರಲಿ ಎಂದು ಅದು ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದ ಹೆಡ್‌ಸ್ಪೇಸ್ ಕೇಂದ್ರಗಳಂತೂ 12ರಿಂದ 25 ವರ್ಷದವರನ್ನು ಒಂದೇ ಸೂರಿನಡಿ ನೋಡುತ್ತವೆ. 18ರ ಗೆರೆಯನ್ನೇ ಅಳಿಸಿಬಿಟ್ಟರು.

ನಾವು ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಕಾನೂನಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 98ನೇ ಸೆಕ್ಷನ್ ಓದಿ ನೋಡಿ. ಚಿಕಿತ್ಸೆಯಲ್ಲಿರುವವರನ್ನು ಮನೆಗೆ ಕಳಿಸುವಾಗ, ಬೇರೆ ಸಂಸ್ಥೆಗೆ ಕಳಿಸುವಾಗ, ಅಥವಾ ಹೊಸ ಮನೋವೈದ್ಯರು ಜವಾಬ್ದಾರಿ ತಗೊಳ್ಳುವಾಗ, ಈಗಿನ ಮನೋವೈದ್ಯರು ಆ ವ್ಯಕ್ತಿಯ ಜೊತೆ, ಅವರ ಪ್ರತಿನಿಧಿ ಮತ್ತು ಮನೆಯವರ ಜೊತೆ, ಮುಂದೆ ನೋಡಿಕೊಳ್ಳುವ ವೈದ್ಯರ ಜೊತೆ ಮಾತಾಡಬೇಕು. ಮುಂದಿನ ಚಿಕಿತ್ಸೆಗೆ ಒಂದು ಯೋಜನೆ ಮಾಡಬೇಕು. ಇದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಹೇಳಿದ್ದು. ತಾಲ್ಲೂಕು ಆಸ್ಪತ್ರೆಯ ಹೊರರೋಗಿಗೆ ಇದು ಎಷ್ಟು ತಾಗುತ್ತದೆ ಎಂದು ವಕೀಲರು ಚರ್ಚೆ ಮಾಡಬಹುದು. ಒಳ್ಳೆಯ ಪದ್ಧತಿ ಯಾವುದು ಎಂದು ಕಾನೂನೇ ತೋರಿಸಿಕೊಟ್ಟ ಮೇಲೆ ಅದನ್ನು ಹೊರರೋಗಿಗಳಿಗೂ ಪಾಲಿಸಲು ಯಾರ ಅಡ್ಡಿ ಇದೆ?

ಅದೇ ಕಾಯ್ದೆಯ 14ನೇ ಸೆಕ್ಷನ್ ಬಗ್ಗೆ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 18 ತುಂಬುವವರೆಗೆ ಪೋಷಕರೇ ಪ್ರತಿನಿಧಿ. ತುಂಬಿದ ಮೇಲೆ ತನ್ನ ಪರವಾಗಿ ನಿಲ್ಲುವವರು ಯಾರು ಎಂದು ಆ ಹುಡುಗ ಅಥವಾ ಹುಡುಗಿಯೇ ತೀರ್ಮಾನಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಆಯಿತು, ಆರಿಸಿದವರೂ ಬರೆದು ಒಪ್ಪಿಗೆ ಕೊಡಬೇಕು ಅಷ್ಟೇ. ಅಪ್ಪ ಕುಡಿದು ಬರುವ ಮನೆಯ ಹುಡುಗನಿಗೆ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಆರಿಸಿಕೊಳ್ಳುವ ಹಕ್ಕಿದೆ ಎಂದು ತಿಳಿದರೆ ಎಷ್ಟು ಧೈರ್ಯ ಬರುತ್ತದೆ! ನನ್ನ ತಂಗಿಯ ಮಗಳು ಈಗ ಅಮ್ಮನ ಹೆಸರನ್ನೇ ಬರೆದುಕೊಟ್ಟಿದ್ದಾಳೆ. ತಾನಾಗಿ ಆರಿಸಿದ್ದು ಎನ್ನುವುದೇ ಅವಳಿಗೆ ದೊಡ್ಡದು.

ಇನ್ನೊಂದು ಕಾನೂನನ್ನೂ ನೆನಪಿಸುತ್ತೇನೆ. ಬಾಲಮಂದಿರದಂಥ ಕಡೆ ಬೆಳೆದ ಮಗು 18ಕ್ಕೆ ಹೊರಗೆ ಬಂದಾಗ, 21ರವರೆಗೆ ಅನುಪಾಲನೆ, ಅಂದರೆ ಹೊರಬಂದ ಮೇಲಿನ ನೆರವು, ಕೊಡಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. 18ರ ಹುಟ್ಟುಹಬ್ಬದ ಮರುದಿನವೇ ಯಾರೂ ದೊಡ್ಡವರಾಗಿಬಿಡುವುದಿಲ್ಲ ಎಂದು ಸರ್ಕಾರಕ್ಕೂ ಗೊತ್ತಿದೆ ಎಂದಾಯಿತು. ಮಾನಸಿಕ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಮಾತ್ರ ಆ ತಿಳಿವಳಿಕೆ ಯಾಕೆ ಬರಬಾರದು?

ಈಗ 2018ರ ಆಗಸ್ಟ್‌ಗೆ ಬರುತ್ತೇನೆ. ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ, ಮಾದಾಪುರ. ಈ ಊರುಗಳ ಹೆಸರು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಬೆಟ್ಟ ಜಾರಿ ಮನೆಗಳ ಮೇಲೆ ಬಂತು. ಮರುವರ್ಷ ವಿರಾಜಪೇಟೆ ಕಡೆ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಮತ್ತೆ ಹಾಗೇ ಆಯಿತು. ಪರಿಹಾರ ಕೇಂದ್ರಗಳಿಗೆ ಆಪ್ತಸಮಾಲೋಚಕರು ಬಂದರು. ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಬರೆಸಿದರು, ಮಾತಾಡಿಸಿದರು. ಅವರ ಋಣ ದೊಡ್ಡದು. ಆಮೇಲೆ ಕೇಂದ್ರಗಳು ಮುಚ್ಚಿದವು. ಜನ ಬಾಡಿಗೆ ಮನೆಗೆ ಹೋದರು, ನೆಂಟರ ಮನೆಗೆ ಹೋದರು, ಕೆಲವರು ಕರ್ಣಂಗೇರಿ, ಮದೆನಾಡು, ಜಂಬೂರಿನ ಹೊಸ ಮನೆಗಳಿಗೆ ಹೋದರು. ಕೇಳುವ ಕಿವಿಗಳು ಅವರ ಹಿಂದೆ ಹೋಗಲಿಲ್ಲ. ಆಗ 10, 11 ವರ್ಷವಿದ್ದ ಮಕ್ಕಳು ಈಗ 18ರ ಆಸುಪಾಸಿನಲ್ಲಿದ್ದಾರೆ, ಕೆಲವರು ದಾಟಿದ್ದಾರೆ. ಜೋರು ಮಳೆ ಬಂದರೆ ರಾತ್ರಿಯೆಲ್ಲ ಬಟ್ಟೆ ತುಂಬಿದ ಚೀಲ ಪಕ್ಕದಲ್ಲಿಟ್ಟುಕೊಂಡು ಕೂರುವ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಮಳೆ ರಜೆ ಘೋಷಣೆಯಾದರೆ ಬೇರೆ ಮಕ್ಕಳು ಕುಣಿಯುತ್ತಾರೆ, ಇವರ ಮುಖ ಬಿಳುಚಿಕೊಳ್ಳುತ್ತದೆ. ಒಮ್ಮೆ ಹೀಗೆ ಯಾವ ಏರ್ಪಾಡೂ ಇಲ್ಲದೆ ಬಿಟ್ಟುಬಿಟ್ಟ ಮಕ್ಕಳು ಇವರು. ಇವರಲ್ಲಿ ಈಗ ಚಿಕಿತ್ಸೆಗೆ ಬಂದವರಿದ್ದರೆ, ದಯವಿಟ್ಟು ಎರಡನೇ ಸಲವೂ ಹಾಗೇ ಬಿಡಬೇಡಿ.

ಚಿಕಿತ್ಸೆಯಿಂದ ಯಾರನ್ನೂ ಬಿಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಗುಣವಾದ ಮಗುವಿಗೆ ಗುಣವಾಗಿದ್ದೀಯ ಎಂದು ಹೇಳಬೇಕು. ಇಷ್ಟು ದಿನ ಕಷ್ಟಪಟ್ಟದ್ದಕ್ಕೆ ಬೆನ್ನು ತಟ್ಟಬೇಕು. ಸದಾ ರೋಗಿಯಾಗಿ ಇರಲು ಯಾವ ಹುಡುಗನಿಗೆ ಇಷ್ಟ? ಮಾತ್ರೆ ಬೇಡ, ಸಾಕು ಎಂದು ಅವರೇ ಕೇಳುತ್ತಾರೆ, ಕೇಳಲಿ. ಅವರ ಮಾತು ಕೇಳಿಸಿಕೊಂಡು, ಸರಿಯಾದ ಸಮಯ ನೋಡಿ, ಇಳಿಸುತ್ತಾ ಬರಬೇಕು. ಖಿನ್ನತೆಯ ಮಾತ್ರೆಯನ್ನು ಲಕ್ಷಣಗಳು ಹೋದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು ಎಂದು ವೈದ್ಯರೇ ಹೇಳುತ್ತಾರೆ. ಅದು ಹುಡುಗನಿಗೂ ಮನೆಯವರಿಗೂ ಗೊತ್ತಿರಬೇಕು. ನಮ್ಮ ಕಾಫಿ ನರ್ಸರಿಗಳಲ್ಲಿ ಗಿಡ ತೋಟಕ್ಕೆ ಹೋಗುವ ಮೊದಲು ಚಪ್ಪರದ ನೆರಳನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾರಲ್ಲ, ಆ ನಿಧಾನ ಇಲ್ಲೂ ಬೇಕು.

ನಿಮ್ಮ ಕಷ್ಟವೂ ನನಗೆ ಗೊತ್ತು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಮಕ್ಕಳ ಮನೋವೈದ್ಯರು ಇನ್ನೂ ಅಪರೂಪ. ಹೊರಗೆ ಸಾಲು, ಒಳಗೆ ಒಬ್ಬರೇ ವೈದ್ಯರು. ಆದ್ದರಿಂದ ಹೊಸ ಕಟ್ಟಡ, ಹೊಸ ಹುದ್ದೆ ಕೇಳಿ ಈ ಪತ್ರ ಬರೆಯುತ್ತಿಲ್ಲ. ಇರುವುದರಲ್ಲೇ ಆಗುವಂಥದ್ದನ್ನು ಕೇಳುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ ಒಂದು ಹಾಳೆ. ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ. ಏನು ತೊಂದರೆ ಇತ್ತು, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಯಾವುದು ಹಿಡಿಸಲಿಲ್ಲ, ಯಾವುದರಿಂದ ಅನುಕೂಲವಾಯಿತು, ಏನು ಕಂಡರೆ ತಡ ಮಾಡದೆ ಬರಬೇಕು, ಯಾರಿಗೆ ಫೋನ್ ಮಾಡಬೇಕು. ಅದು ಆ ಹುಡುಗಿಯ ಜೊತೆ ಕೂತು ಬರೆದದ್ದಾಗಿರಲಿ, ಅವಳ ಕೈಯಲ್ಲೇ ಇರಲಿ. ಹೊಸ ವೈದ್ಯರ ಮುಂದೆ ಕೂತಾಗ ಬಾಯಿ ಕಟ್ಟಿದರೂ ಹಾಳೆ ಮುಂದಿಟ್ಟರೆ ಸಾಕು. ನಮ್ಮ ಮನೆಯ ಮಗಳ ಕೈಯಲ್ಲಿ ಅಂಥದ್ದೊಂದು ಹಾಳೆ ಇದ್ದಿದ್ದರೆ ಆ ದಿನ ಅವಳು ಎದ್ದು ಬರುತ್ತಿರಲಿಲ್ಲ. ತನ್ನ ವೈದ್ಯಕೀಯ ದಾಖಲೆ ಪಡೆಯುವುದು ಇದೇ ಕಾಯ್ದೆ ಕೊಟ್ಟಿರುವ ಹಕ್ಕು ಕೂಡ.

ಎರಡನೆಯದು ಸಮಯ. 17 ತುಂಬಿದಾಗಲೇ ಮಾತು ಶುರುವಾಗಲಿ. ಯಾವ ತಿಂಗಳು ಬಿಡುವುದು ಎಂದು ಕ್ಯಾಲೆಂಡರ್ ನೋಡಿ ತೀರ್ಮಾನಿಸಿ. ಮಾರ್ಚ್‌ನ ಪರೀಕ್ಷೆ ಹೊತ್ತಿಗೆ ಬೇಡ. ಫಲಿತಾಂಶ ಬರುವ ವಾರ ಬೇಡವೇ ಬೇಡ. ಮಳೆಗಾಲದಲ್ಲಿ ಬೇಡ, 2018ರ ಮಕ್ಕಳಿಗಂತೂ ಖಂಡಿತ ಬೇಡ. ಕೊಯ್ಲಿನಲ್ಲಿ ಮನೆಯವರಿಗೆ ಬಿಡುವಿರುವುದಿಲ್ಲ. ಹಾಗಾದರೆ ಉಳಿದದ್ದೇನು ಎಂದು ನೀವು ಕೇಳಬಹುದು. ಸೆಪ್ಟೆಂಬರ್, ಅಕ್ಟೋಬರ್ ಇದೆ. ಕೈಲ್‌ಪೊಳ್ದ್ ಹಬ್ಬ ಕಳೆದು ಕಾವೇರಿ ಸಂಕ್ರಮಣದವರೆಗೆ, ಮಳೆ ಇಳಿದು ಕೊಯ್ಲು ಇನ್ನೂ ಶುರುವಾಗದ ಆ ವಾರಗಳು. ಯಾವ ಮಾರ್ಗಸೂಚಿಯಲ್ಲೂ ಇದು ಬರೆದಿರುವುದಿಲ್ಲ. ಕೊಡಗಿನಲ್ಲಿ ಇರುವ ನಾವೇ ಬರೆದುಕೊಳ್ಳಬೇಕು.

ಹಳಬರು, ಹೊಸಬರು ಒಮ್ಮೆ ಒಂದೇ ಕೋಣೆಯಲ್ಲಿ ಕೂರಲಿ. ಹುಡುಗನೂ ಇರಲಿ. ಹತ್ತು ನಿಮಿಷ ಸಾಕು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆ ರಾಜ್ಯದಲ್ಲಿ ಇದೆ. ಆ ದಿನವನ್ನೇ ಇದಕ್ಕೂ ಬಳಸಬಹುದು. ಓದಲು ಹೊರಗೆ ಹೋಗುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಡಗಿನ ಮಕ್ಕಳು ಪಿಯು ಮುಗಿಸಿ ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗುವುದು ಹೊಸದೇನಲ್ಲ. ಮಗು ಹೊರಡುವ ಮೊದಲೇ ಅಲ್ಲಿನ ವೈದ್ಯರಿಗೆ ಒಂದು ಪತ್ರ ಹೋಗಲಿ, ಮೊದಲ ಭೇಟಿಯ ದಿನ ಗೊತ್ತಾಗಿರಲಿ, ಅಲ್ಲಿಯವರೆಗೆ ಸಾಲುವಷ್ಟು ಮಾತ್ರೆ ಕೈಯಲ್ಲಿರಲಿ.

ಬರದವರನ್ನು ಹುಡುಕುವ ಕೆಲಸವನ್ನು ಯಾರಿಗಾದರೂ ಹೆಸರು ಹಿಡಿದು ಒಪ್ಪಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಸಮುದಾಯ ನರ್ಸ್, ದಾಖಲೆ ನೋಡಿಕೊಳ್ಳುವವರು ಇರಬೇಕು ಎಂದು ಆ ಕಾರ್ಯಕ್ರಮವೇ ಹೇಳುತ್ತದೆ. ಒಂದು ಭೇಟಿ ತಪ್ಪಿದರೆ ಒಂದು ವಾರದೊಳಗೆ ಒಂದು ಫೋನ್. ಸಿಗದಿದ್ದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ಒಂದು ಮಾತು. ಇಲ್ಲಿ ಗುಟ್ಟು ಕಾಪಾಡುವುದು ಬಹಳ ಮುಖ್ಯ. ಆಶಾ ಅಕ್ಕ ಅದೇ ಊರಿನವರು, ಯಾರ ಮನೆಗೆ ಯಾಕೆ ಬಂದರು ಎಂದು ಬೀದಿಯೇ ನೋಡುತ್ತದೆ. ಆದ್ದರಿಂದ ನಿನ್ನನ್ನು ಯಾರು ಸಂಪರ್ಕಿಸಬಹುದು, ಯಾವ ನಂಬರಿಗೆ, ಯಾರ ಮನೆಗೆ ಎಂದು ಮೊದಲೇ ಆ ಹುಡುಗಿಯನ್ನು ಕೇಳಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ದಾಖಲಾಗಿ ಮನೆಗೆ ಹೋದವರಿಗೆ ವಾರವೂ ಕಾಯಬೇಡಿ. ಮನೆಗೆ ಹೋದ ಮೊದಲ ದಿನಗಳಲ್ಲಿ, ಮೊದಲ ಮೂರು ತಿಂಗಳಲ್ಲಿ ಜೀವಕ್ಕೆ ಅಪಾಯ ಜಾಸ್ತಿ. ಇಂಗ್ಲೆಂಡಿನಲ್ಲಿ 72 ಗಂಟೆಯೊಳಗೆ ಸಂಪರ್ಕಿಸಬೇಕು ಎಂಬ ನಿಯಮ ಇರುವುದು ಇದಕ್ಕೇ.

ಆದಿವಾಸಿ ಹಾಡಿಗಳ ಮಕ್ಕಳ ಬಗ್ಗೆ ಬೇರೆಯೇ ಯೋಚಿಸಬೇಕು. ಯರವ, ಜೇನು ಕುರುಬ ಹುಡುಗರು ಎಷ್ಟೋ ಮಂದಿ 18ಕ್ಕೆ ಮೊದಲೇ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಸೇರಿರುತ್ತಾರೆ. ಶಾಲೆ ಬಿಟ್ಟ ದಿನವೇ ಅವರಿಗೆ ಎಲ್ಲ ಸೇವೆಯೂ ತಪ್ಪುತ್ತದೆ. ಶಾಲೆಗಳಲ್ಲಿ ಮಕ್ಕಳ ತಪಾಸಣೆ ಮಾಡುವ ಆರೋಗ್ಯ ತಂಡದ ಕಣ್ಣಿಗೂ ಬೀಳುವುದಿಲ್ಲ, ಹದಿಹರೆಯದವರ ಆರೋಗ್ಯಕ್ಕೆಂದೇ ಸ್ನೇಹ ಕ್ಲಿನಿಕ್ ಎಂಬುದೊಂದು ಇದೆ, ಅದು 10ರಿಂದ 19 ವರ್ಷದ ತಮಗೂ ಸೇರಿದ್ದು ಎಂದೂ ಗೊತ್ತಿರುವುದಿಲ್ಲ. ಮನೆಯಲ್ಲಿ ಆಡುವುದು ತಮ್ಮ ಭಾಷೆ, ವೈದ್ಯರ ಜೊತೆ ಕನ್ನಡ. ದುಃಖವನ್ನು ಎರಡನೇ ಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಅವರದೇ ಸಮುದಾಯದ, ಓದಿದ, ಅವರು ನಂಬುವ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಜೊತೆಗಿಟ್ಟುಕೊಳ್ಳಿ.

ಬಾಗಿಲು ಮುಚ್ಚದಿರಲಿ ಎಂಬುದೂ ನನ್ನ ಕೋರಿಕೆ. ಬಿಟ್ಟ ದಿನದಿಂದ ಒಂದು ವರ್ಷದವರೆಗೆ, ಹೊಸ ಚೀಟಿ, ಹೊಸ ರೆಫರಲ್ ಇಲ್ಲದೆ, ಹಳೆಯ ತಂಡವನ್ನೇ ನೇರವಾಗಿ ಬಂದು ಕಾಣಬಹುದು ಎಂದು ಹಾಳೆಯ ಮೇಲೇ ಬರೆದುಕೊಡಿ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರ ಅಕ್ಟೋಬರ್‌ನಿಂದ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರೂ ಹಾಳೆಯಲ್ಲಿರಲಿ. ಇದನ್ನು ಓದುತ್ತಿರುವ ಮಕ್ಕಳೇ, ಈ ರಾತ್ರಿಯೇ ಕಷ್ಟ ಅನಿಸಿದರೆ ಈ ರಾತ್ರಿಯೇ ಫೋನ್ ಮಾಡಿ. ಆದರೆ ಅಧಿಕಾರಿಗಳೇ, ಆ ನಂಬರ್ ಕೊಟ್ಟೆವು, ನಮ್ಮ ಕೆಲಸ ಮುಗಿಯಿತು ಎಂದು ಮಾತ್ರ ಆಗಬಾರದು. ಮುಖ ಗೊತ್ತಿರುವವರ ಹತ್ತಿರ ಹೋಗುವುದೇ ಬೇರೆ.

ಪ್ರಾಂಶುಪಾಲರಲ್ಲಿ ಒಂದು ಮಾತು. ನಿಮ್ಮ ಕಾಲೇಜಿನಿಂದ ದ್ವಿತೀಯ ಪಿಯು ಮುಗಿಸಿ ಹೋಗುವ ಮಕ್ಕಳಿಗೆ ಟಿ.ಸಿ. ಕೊಡುವ ದಿನ ಯಾರಾದರೂ ಒಬ್ಬ ಉಪನ್ಯಾಸಕರು ಖಾಸಗಿಯಾಗಿ ಕೇಳಲಿ: ಮುಂದೆ ಎಲ್ಲಿರುತ್ತೀಯ, ಅಲ್ಲಿ ನಿನಗೆ ಯಾರಿದ್ದಾರೆ? ಚಿಕಿತ್ಸೆಯಲ್ಲಿ ಇರುವವರಿಗೆ ಮಾತ್ರ ಕೇಳಿದರೆ ಬೊಟ್ಟು ಮಾಡಿದ ಹಾಗಾಗುತ್ತದೆ. ಎಲ್ಲರನ್ನೂ ಕೇಳಿ.

ಶುರು ಮಾಡಲು ದೊಡ್ಡ ಆದೇಶ ಬೇಡ. ಈಗ ಜಿಲ್ಲೆಯಲ್ಲಿ ಚಿಕಿತ್ಸೆಯಲ್ಲಿರುವ 17 ವರ್ಷದವರ ಪಟ್ಟಿಯೊಂದನ್ನು ಆಸ್ಪತ್ರೆಯ ಒಳಗೇ ತಯಾರಿಸಿ. ಐದು ತಾಲ್ಲೂಕು ಸೇರಿದರೂ ಅದು ಉದ್ದ ಇರಲಾರದು. ಆ ಪಟ್ಟಿಯ ಪ್ರತಿ ಹೆಸರಿನ ಮುಂದೆ, 18 ಆದ ಮೇಲೆ ಇವರನ್ನು ನೋಡಿಕೊಳ್ಳುವವರು ಯಾರು ಎಂದು ಒಂದು ಹೆಸರು ಬರೆಯಿರಿ. ಬರೆಯಲಾಗದ ಕಡೆ ಖಾಲಿ ಬಿಡಿ. ಎಷ್ಟು ಖಾಲಿ ಉಳಿಯಿತು ಎಂದು, ಮಕ್ಕಳ ಹೆಸರು ಹೇಳದೆ, ಸಂಖ್ಯೆ ಮಾತ್ರ ನಮಗೆಲ್ಲ ತಿಳಿಸಿ. ಅದರ ಮೇಲೆ ಮಾತಾಡಲು ನೀವು ಸಭೆ ಕರೆದರೆ ನಾನು ಬರುತ್ತೇನೆ. ಚಿಕಿತ್ಸೆ ಪಡೆದು ದಾಟಿ ಬಂದ ಇಬ್ಬರು ಮೂವರು ಯುವಕ ಯುವತಿಯರನ್ನೂ ಆ ಸಭೆಗೆ ಕರೆಯಿರಿ, ಅವರು ಒಪ್ಪಿದರೆ ಮೊದಲು ಅವರೇ ಮಾತಾಡಲಿ. ನನ್ನ ತಂಗಿಯ ಮಗಳು ಬರುತ್ತೇನೆ ಎಂದಿದ್ದಾಳೆ. ಅವಳಿಗೆ ಸೆಮಿಸ್ಟರ್ ಪರೀಕ್ಷೆ ಇರುವ ವಾರ ಮಾತ್ರ ಬೇಡ.

ಗೌರವದಿಂದ,
ಒಬ್ಬ ನಿವೃತ್ತ ಉಪನ್ಯಾಸಕಿ
ಸೋಮವಾರಪೇಟೆ ತಾಲ್ಲೂಕು, ಕೊಡಗು